ತೋಳಿನ ಸುತ್ತಳತೆ

ತಿಯಾರೋಯ್ ಕಡಲಂಚಿನಲ್ಲಿ ನನ್ನದೊಂದು ಹೊಲಿಗೆಯಂಗಡಿ:
ತಗಡಿನ ಮಾಡು, ಕೈಮಷೀನು, ಮೊಂಡು ಕತ್ತರಿ,
ಕೊರಳಿಗೆ ಸುತ್ತಿದ ಹಳದಿ ಟೇಪು.
ಸಂಜೆ ಬಾಗಿಲು ಮಬ್ಬಾದರೆ ತಲೆಯೆತ್ತದೆ ಗೊತ್ತು ನನಗೆ.
ಮೊದಲು ಮೀನಿನ ವಾಸನೆ, ಆಮೇಲೆ ತೋಳು,
ಎಲ್ಲಕ್ಕೂ ಕೊನೆಗೆ ಬಿರಾಮ್.

"ಅಳೀರಿ, ಯೋರೊ ಮಾಮ."

ಮೊದಲ ಸಲ ಇಪ್ಪತ್ತೇಳು ಸೆಂಟಿಮೀಟರು.
ಒಣಮೀನಿಗೆ ಅಂಗಿ ತೊಡಿಸಿದ ಹಾಗಿದ್ದ.
ಬೆಳಗೆಲ್ಲ ದೋಣಿಯಿಂದ ಲಾರಿಗೆ ಬುಟ್ಟಿ ಹೊರುವುದು,
ಹೊತ್ತು ಇಳಿದಂತೆ ಮರಳಿಗೆ ಓಡುವುದು.
ಅಲ್ಲಿ ಟೊಮೇಟೊ ಡಬ್ಬಕ್ಕೆ ಸಿಮೆಂಟು ಸುರಿದು
ನಡುವೆ ಯಾವುದೋ ಸತ್ತ ದೋಣಿಯ ಕೊಳವೆ ನೆಟ್ಟು
ತಾವೇ ಮಾಡಿಕೊಂಡ ಭಾರ.
ನಲವತ್ತು ಹುಡುಗರು ಎತ್ತುತ್ತಾರೆ, ಒಂದೇ ದನಿಯಲ್ಲಿ ಎಣಿಸುತ್ತಾರೆ:
ಬೆನ್, ನ್ಯಾರ್, ನ್ಯೆಟ್...
ಐದರಾಚೆಗೆ ನಮ್ಮ ವೊಲೊಫಿನಲ್ಲಿ ಆರೆಂಬುದಿಲ್ಲ,
ಐದು-ಒಂದು, ಐದು-ಎರಡು.
ಸೋತು ಕೂರಬೇಕಾದಲ್ಲಿ
ಮತ್ತೆ ಒಂದು ಎಂದು ಏಳುವ ಈ ಭಾಷೆಯನ್ನು
ಭಾರ ಎತ್ತುವವರೇ ಕಟ್ಟಿರಬೇಕು.

ಒಮ್ಮೆ ಕೇಳಿದೆ: ಎದೆಯಿದೆ, ಬೆನ್ನಿದೆ, ತೊಡೆಯಿದೆ,
ತೋಳಿನ ಮೇಲೇ ಯಾಕಪ್ಪ ಇಷ್ಟು ಮೋಹ?
ಬುಟ್ಟಿ ಹೊರುವುದು ತಲೆಯಲ್ಲವೆ?
ಕೂಡಲೇ ಹೇಳಲಿಲ್ಲ. ಗುಂಡಿಗಳ ಡಬ್ಬಿ ಕೆದಕುತ್ತ ನಿಂತ.
"ಬೆನ್ನು ನನಗೆ ಕಾಣುವುದಿಲ್ಲ ಮಾಮ.
ಮುಖಕ್ಕೆ ಕನ್ನಡಿ ಬೇಕು, ನಮ್ಮನೆಯದು ಒಡೆದಿದೆ.
ತೋಳೊಂದೇ, ಹೀಗೆ ಮಡಚಿದರೆ,
ನನ್ನೆದುರೇ ಬಂದು ಕೂರುತ್ತದೆ."
ಅಂಗೈ ಹುಣ್ಣಿಗೆ ಕನ್ನಡಿ ಬೇಡ,
ರಟ್ಟೆಯ ಹಣ್ಣಿಗೂ ಬೇಡವೆಂದು ಆವತ್ತು ತಿಳಿಯಿತು.

ಮಡಚಿದ. ಚರ್ಮದಡಿ ಏನೋ ಮಗ್ಗುಲು ಬದಲಿಸಿತು,
ನಿದ್ದೆಗಣ್ಣಿನ ಮಗು ಹೊದಿಕೆಯೊಳಗೆ ಹೊರಳಿದ ಹಾಗೆ.
ಕೈಯಲ್ಲಿ ಟೇಪು ಇರುವುದೇ ಮರೆತುಹೋಯಿತು ನನಗೆ.

ಟಬಾಸ್ಕಿ ಹಬ್ಬಕ್ಕೆ ಅವನ ತಾಯಿ ತೆನಿಂಗ್
ಆರು ಮೀಟರು ಬಿಳಿ ಬಟ್ಟೆ ತಂದಳು, ಬೂಬು ಹೊಲಿಯಲಿಕ್ಕೆ.
ಗಾಳಿಗೆ ಹಾಯಿಯಂತೆ ಉಬ್ಬುವ ನಿಲುವಂಗಿ,
ಒಳಗೆ ಕಂಬವಿದ್ದರೂ ಕಡ್ಡಿಯಿದ್ದರೂ ಒಂದೇ.
ಅವನ ಮುಖ ನೋಡಬೇಕಿತ್ತು!
ಆದರೂ ಪ್ರಾರ್ಥನೆಗೆ ಮುಂಚೆ ಕೈ ತೊಳೆಯಲು
ಅಂಗಿತೋಳು ಏರಿಸಲೇಬೇಕಲ್ಲ,
ಏರಿಸಿದ, ಏರಿಸಿದ, ಏರಿಸುತ್ತಲೇ ಇದ್ದ.
ಹಿಂದೆ ಸರದಿಯಲ್ಲಿದ್ದ ಮುದುಕರು ಕೆಮ್ಮಿದರು.
ಕೊಟ್ಟವನು ಅವನೇ ತಾನೆ, ಅವನೂ ನೋಡಲಿ, ಅಂದುಕೊಂಡೆ.

ಆಮೇಲೆ ಮೂವತ್ತೆಂಟಕ್ಕೆ ಬಂದು ನಿಂತುಬಿಟ್ಟಿತು ತೋಳು.
ಒಂದು ತಿಂಗಳು, ಎರಡು, ಮೂರು.
ಅಮ್ಮನ ಅನ್ನವನ್ನು ಬೈದ, ಸಿಮೆಂಟನ್ನು ಬೈದ,
ಸಾಲ ಕೊಟ್ಟ ಮೊಟ್ಟೆಯವಳನ್ನೂ ಬೈದ.
ಕೊನೆಗೆ ಎರಡೂ ತೋಳು ಇಳಿಬಿಟ್ಟು
ಯಾರದೋ ಸಾಮಾನು ಹೊತ್ತವನಂತೆ ನಡೆದುಹೋದ.

ಆ ವಾರವೇ ನಾನು ಬಟ್ಟೆಯಂಗಡಿಗೆ ಜಗಳಕ್ಕೆ ಹೋದೆ:
ಹತ್ತು ಮೀಟರಿಗೆ ಮೊಳ ಕಮ್ಮಿ ಕೊಟ್ಟಿದ್ದೀಯಲ್ಲೋ, ಕಳ್ಳ!
ಅವನು ಮಾತಾಡಲಿಲ್ಲ.
ತನ್ನ ಕಬ್ಬಿಣದ ಕೋಲಿನ ಪಕ್ಕ ನನ್ನ ಟೇಪು ಚಾಚಿದ.
ದಿನಾ ಸಂಜೆ ಉಬ್ಬಿದ ರಟ್ಟೆಗೆ ಸುತ್ತಿ, ಜಗ್ಗಿ, ಜಗ್ಗಿ
ಟೇಪೇ ಹಿಗ್ಗಿಹೋಗಿತ್ತು.
ತೋಳು ಬೆಳೆದಷ್ಟೂ, ಪಾಪ, ಅದೂ ಬೆಳೆದಿತ್ತು.

ಹಸಿರು ಬಣ್ಣದ ಹೊಸ ಟೇಪು. ಹೇಳಿಕಳಿಸಿದೆ, ಬಂದ.
ಮೂವತ್ತೊಂಬತ್ತೂವರೆ.
ಕೂಗುತ್ತಾನೆ, ಕುಣಿಯುತ್ತಾನೆ ಎಂದುಕೊಂಡಿದ್ದೆ.
ಗುಂಡಿಗಳ ಡಬ್ಬಿಯ ಮುಚ್ಚಳ ಹಾಕಿ, ಮೆಲ್ಲಗೆ,
"ಹಳೆಯದನ್ನು ನನಗೆ ಕೊಡಿ ಮಾಮ,
ಹಿಗ್ಗಿದ್ದು ನಾನೊಬ್ಬನೇ ಅಲ್ಲವಲ್ಲ," ಅಂದ.

ಆ ರಾತ್ರಿ ಬಾಗಿಲು ಹಾಕಿ ನನ್ನದನ್ನೂ ಅಳೆದೆ.
ಎಡದ್ದು ಇಪ್ಪತ್ತಾರು.
ಮಷೀನಿನ ಚಕ್ರ ತಿರುಗಿಸುವ ಬಲದ್ದು ಇಪ್ಪತ್ತೆಂಟು.
ಎರಡು ಸೆಂಟಿಮೀಟರು:
ಇಡೀ ಬೀದಿಯ ಮದುವೆಗಳು, ಶಾಲೆಯ ಚಡ್ಡಿಗಳು,
ನಾಲ್ಕು ಹೆಣದ ಬಟ್ಟೆ, ಎಲ್ಲ ಸೇರಿ ಇಷ್ಟು.
ಮಡಚಿದೆ. ಯಾರೂ ನೋಡುತ್ತಿರಲಿಲ್ಲ.
ದೀಪವನ್ನು ಸ್ವಲ್ಪ ಹತ್ತಿರ ಎಳೆದುಕೊಂಡು
ಇನ್ನೊಂದು ಸಲ ಮಡಚಿದೆ.